ಅಜ್ಜಿ ಕಾಲದ ಉಲ್ಲನ್ ಮತ್ತೆ ಫ್ಯಾಷನ್: ಕ್ರೋಷಾ ಟಾಪ್‌ಗೆ ಅಷ್ಟೊಂದು ಬೆಲೆ ಯಾಕೆ?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಒಂದು ಸಂಜೆ ಸುಮ್ನೆ ನಡೆದು ಬಂದರೂ ಸಾಕು, ಕಣ್ಣಿಗೆ ಬೀಳುತ್ತದೆ. ತೂತು ತೂತಾದ ಕ್ರೋಷಾ ಟಾಪು, ಬಣ್ಣಬಣ್ಣದ ಚೌಕ ಜೋಡಿಸಿದ ಜಾಕೆಟ್ಟು, ಕಾಲೇಜು ಹುಡುಗಿಯರ ಹೆಗಲಲ್ಲಿ ದಾರದ ಚೀಲ, ಸ್ಕೂಟರ್ ಕೀಗೆ ನೇತಾಡುವ ಉಲ್ಲನ್ ಸೂರ್ಯಕಾಂತಿ. ಮಂಡ್ಯದ ಕಡೆಯ ವಾಟ್ಸಾಪ್ ಸ್ಟೇಟಸ್‌ಗಳಲ್ಲೂ ಇದೇ ಮಾಲು. ಐವತ್ತು ದಾಟಿದವರಿಗೆ ಇದನ್ನು ನೋಡಿ ನಗು. ನಾವು ಟೀಪಾಯಿ ಮೇಲೆ, ಟಿವಿ ಮೇಲೆ ಹಾಸುತ್ತಿದ್ದದ್ದನ್ನು ಈ ಮಕ್ಕಳು ಮೈಮೇಲೆ ಹಾಕಿಕೊಂಡು ಓಡಾಡುತ್ತಾರಲ್ಲ ಅಂತ.

ನಗು ನಿಲ್ಲುವುದು ಬೆಲೆ ಕೇಳಿದಾಗ. ಒಂದು ಕಡೆ ಆರುನೂರು ರೂಪಾಯಿ. ನೋಡಲು ಹೆಚ್ಚುಕಮ್ಮಿ ಅದೇ ಥರದ ಟಾಪನ್ನು ಮನೆಯಲ್ಲೇ ಹೆಣೆದು ಮಾರುವ ಹೆಂಗಸು ಮೂರು ಸಾವಿರ ಹೇಳುತ್ತಾರೆ. ಇವರಲ್ಲಿ ಯಾರು ಮೋಸ ಮಾಡುತ್ತಿದ್ದಾರೆ? ಇದಕ್ಕೆ ಉತ್ತರ ಸಿಗಬೇಕಾದರೆ ದಾರ ಬಟ್ಟೆಯಾಗುವುದು ಹೇಗೆ ಎನ್ನುವಲ್ಲಿಂದ ಶುರು ಮಾಡಬೇಕು.

ನೇಯ್ಗೆ ಬೇರೆ, ಹೆಣಿಗೆ ಬೇರೆ, ಕ್ರೋಷಾ ಬೇರೆ

ಮೈಸೂರಿನವರಿಗೆ ನೇಯ್ಗೆ ಹೊಸದಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ, ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸುವ ರೇಷ್ಮೆ ಕಾರ್ಖಾನೆಯಲ್ಲಿ ಆಗುವುದು ನೇಯ್ಗೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ದಾರ ಹಾಸು, ಅದರ ನಡುವೆ ಅಡ್ಡಡ್ಡ ಓಡುವ ದಾರ ಹೊಕ್ಕು. ಎರಡೂ ನೆಟ್ಟಗೆ ಇರುವುದರಿಂದ ಬಟ್ಟೆ ಎಳೆದರೆ ಹಿಗ್ಗುವುದಿಲ್ಲ. ಸೀರೆ, ಪಂಚೆ, ಶರ್ಟು, ಕಂಬಳಿ ಎಲ್ಲವೂ ಈ ಜಾತಿಯವೇ.

ಹೆಣಿಗೆಯಲ್ಲಿ ಹಾಸು ಹೊಕ್ಕು ಎಂಬ ಎರಡು ದಾರ ಇರುವುದಿಲ್ಲ. ಇರುವುದು ಒಂದೇ ದಾರ, ಎರಡು ಕಡ್ಡಿ. ಒಂದು ಕಡ್ಡಿಯ ಮೇಲೆ ಸಾಲಾಗಿ ಕುಣಿಕೆಗಳನ್ನು ಏರಿಸಿಕೊಳ್ಳುತ್ತಾರೆ. ಪ್ರತಿ ಕುಣಿಕೆಯೊಳಗಿಂದ ದಾರ ಎಳೆದು ಹೊಸ ಕುಣಿಕೆ ಮಾಡಿ ಇನ್ನೊಂದು ಕಡ್ಡಿಗೆ ದಾಟಿಸುತ್ತಾರೆ. ಒಂದು ಸಾಲು ಮುಗಿದರೆ ತಿರುಗಿಸಿ ಮತ್ತೊಂದು ಸಾಲು. ಕುಣಿಕೆಯೊಳಗೆ ದಾರ ಬಾಗಿಕೊಂಡಿರುತ್ತದೆ. ಎಳೆದರೆ ಆ ಬಾಗು ಸಡಿಲವಾಗಿ ಬಟ್ಟೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತೆ ಆಗುತ್ತದೆ. ಸ್ವೆಟರ್ ಮೈಗೆ ಹೊಂದಿಕೊಂಡು ಕೂರುವುದು ಇದರಿಂದಲೇ. ಕುಣಿಕೆಗಳ ನಡುವೆ ಗಾಳಿ ನಿಲ್ಲುತ್ತದೆ, ಆ ಗಾಳಿಯೇ ಮೈಯನ್ನು ಬೆಚ್ಚಗೆ ಇಡುತ್ತದೆ.

ಹೆಣಿಗೆಯ ಹೊಲಿಗೆ ಮೂಲದಲ್ಲಿ ಎರಡೇ. ಕೆಲವರು ನಿಟ್, ಪರ್ಲ್ ಎನ್ನುತ್ತಾರೆ, ಕೆಲವರು ಸೀದಾ, ಉಲ್ಟಾ ಎನ್ನುತ್ತಾರೆ. ಒಂದು ಸೀದಾ, ಒಂದು ಉಲ್ಟಾ ಹಾಕುತ್ತಾ ಹೋದರೆ ಸ್ವೆಟರ್‌ನ ಕೆಳ ಅಂಚು, ತೋಳಿನ ತುದಿ ರಬ್ಬರಿನಂತೆ ಹಿಡಿದುಕೊಳ್ಳುತ್ತದೆ. ಜಡೆ ಡಿಸೈನು, ಹೆಂಚಿನ ಡಿಸೈನು ಎಂದು ಏನೇ ಇದ್ದರೂ ಎಲ್ಲವೂ ಈ ಎರಡರ ಆಟ.

ಅಂದಹಾಗೆ, ನೀವು ಈಗ ಟೀ ಶರ್ಟೋ ಬನಿಯನ್ನೋ ಹಾಕಿಕೊಂಡಿದ್ದರೆ ಹೆಣೆದ ಬಟ್ಟೆಯನ್ನೇ ಹಾಕಿಕೊಂಡಿದ್ದೀರಿ. ಯಂತ್ರ ಹೆಣೆದದ್ದು, ದಾರ ತೆಳು, ಅಷ್ಟೆ. ತಮಿಳುನಾಡಿನ ತಿರುಪ್ಪೂರು ಇಡೀ ದೇಶಕ್ಕೆ ಹೆಸರಾಗಿರುವುದು ಈ ಹತ್ತಿಯ ಹೆಣಿಗೆಗೇ.

ಇನ್ನು ಕ್ರೋಷಾ. ಇಲ್ಲಿ ಕಡ್ಡಿಯೂ ಒಂದೇ, ಅದರ ತುದಿಯಲ್ಲಿ ಕೊಕ್ಕೆ. ಒಂದು ಹೊತ್ತಿಗೆ ಬಾಯಿ ತೆರೆದಿರುವ ಕುಣಿಕೆಯೂ ಸಾಧಾರಣವಾಗಿ ಒಂದೇ. ಒಂದು ಹೊಲಿಗೆ ಹಾಕಿ, ಅದನ್ನು ಬಿಗಿದು ಮುಗಿಸಿ, ಆಮೇಲೆ ಮುಂದಿನದಕ್ಕೆ ಹೋಗಬೇಕು. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುವವರನ್ನು ನೋಡಿ. ಎರಡು ಹೂ ಇಟ್ಟು ಗಂಟು ಬಿಗಿದ ಮೇಲೇ ಮುಂದಿನೆರಡು ಹೂ. ಕಟ್ಟಿದ ಮಾಲೆಯಲ್ಲಿ ಒಂದು ಹೂ ಕಿತ್ತು ಬಂದರೂ ಉಳಿದವು ಜಾಗ ಬಿಡುವುದಿಲ್ಲ. ಕ್ರೋಷಾ ಹೀಗೆ. ಹೆಣಿಗೆಯಲ್ಲಾದರೆ ಕಡ್ಡಿಯಿಂದ ಒಂದು ಕುಣಿಕೆ ಜಾರಿದರೂ ಅದರ ಕೆಳಗಿನದು, ಅದರ ಕೆಳಗಿನದು ಎಂದು ಏಣಿಯ ಹಾಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಹೊಲಿಗೆ ಅಲ್ಲಲ್ಲೇ ಮುಗಿಯುವುದರಿಂದ ಕ್ರೋಷಾವನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ನಡುವಿನಿಂದ ಶುರು ಮಾಡಿ ಸುತ್ತ ಸುತ್ತ ಬೆಳೆಸಿದರೆ ಟೀಪಾಯಿ ಮೇಲಿನ ಗುಂಡು ಹಾಸು. ಮೂಲೆ ಕೊಟ್ಟು ಬೆಳೆಸಿದರೆ ಗ್ರ್ಯಾನಿ ಸ್ಕ್ವೇರ್ ಎನ್ನುವ ಚೌಕ. ಒಳಗೆ ಹತ್ತಿ ತುಂಬಿದರೆ ಗೊಂಬೆ. ಜಪಾನಿನ ಈ ಗೊಂಬೆಗಳಿಗೆ ಅಮಿಗುರುಮಿ ಎನ್ನುತ್ತಾರೆ, ಕೀ ಚೈನಿನ ಸೂರ್ಯಕಾಂತಿಗಳಿಗೂ ಅದೇ ವಿದ್ಯೆ.

ಗುರುತು ಹಿಡಿಯುವುದು ಸುಲಭ. ಬಟ್ಟೆಯ ಮೇಲೆ ಇಂಗ್ಲಿಷಿನ ‘ವಿ’ ಅಕ್ಷರದಂಥ ಪುಟ್ಟ ಗುರುತುಗಳು ಒಂದರ ಮೇಲೊಂದು ಸಾಲಾಗಿ ಕಂಡರೆ ಹೆಣಿಗೆ. ಪುಟ್ಟ ಪುಟ್ಟ ಕಂಬಗಳು ಅಕ್ಕಪಕ್ಕ ನಿಂತು ನಡುವೆ ಕಿಂಡಿ ಬಿಟ್ಟಂತೆ ಕಂಡರೆ ಕ್ರೋಷಾ.

ಯಂತ್ರಕ್ಕೆ ಬಗ್ಗಿದ್ದು, ಬಗ್ಗದ್ದು

ಬೆಲೆಯ ಗುಟ್ಟು ಇರುವುದು ಇಲ್ಲಿ.

ಹೆಣಿಗೆಯಲ್ಲಿ ಎಲ್ಲ ಕುಣಿಕೆಗಳೂ ಒಂದೇ ಸಾಲಿನಲ್ಲಿ ಬಾಯಿ ತೆರೆದು ನಿಂತಿರುತ್ತವಲ್ಲ, ಯಂತ್ರಕ್ಕೆ ಅದು ಅನುಕೂಲ. ಕುಣಿಕೆಗೊಂದು ಸೂಜಿ ಕೊಟ್ಟರೆ ಇಡೀ ಸಾಲನ್ನು ಒಂದೇ ಏಟಿಗೆ ಹೆಣೆಯಬಹುದು. ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಚೌಕಟ್ಟನ್ನು ಮಾಡಿದ್ದು 1589ರಲ್ಲಿ. ಹಬೆ ಯಂತ್ರ ಬರುವುದಕ್ಕೂ ನೂರು ವರ್ಷಕ್ಕಿಂತ ಮೊದಲು! ಇವತ್ತಿನ ಕಂಪ್ಯೂಟರ್ ಯಂತ್ರಗಳು ತುಂಡು ಜೋಡಿಸುವ ಹೊಲಿಗೆಯೇ ಇಲ್ಲದ ಇಡೀ ಸ್ವೆಟರನ್ನು ಹೆಣೆದು ಕೆಳಗೆ ಬೀಳಿಸುತ್ತವೆ.

ಕ್ರೋಷಾದ ಕೊಕ್ಕೆಗೆ ಹೀಗೆ ಸಾಲುಗಟ್ಟಿದ ಕೆಲಸ ಇಲ್ಲ. ಪ್ರತಿ ಸಲವೂ ಈಗಾಗಲೇ ಆದ ಬಟ್ಟೆಯಲ್ಲಿ ಸರಿಯಾದ ಕಿಂಡಿ ಹುಡುಕಿ ಒಳಗೆ ಹೋಗಬೇಕು, ದಾರ ಹಿಡಿದು ಹೊರಗೆ ಬರಬೇಕು, ಹೊಲಿಗೆಗೆ ತಕ್ಕಂತೆ ದಾರವನ್ನು ಒಂದು ಸುತ್ತೋ ಎರಡು ಸುತ್ತೋ ಸುತ್ತಿಕೊಂಡು ಒಂದೊಂದಾಗಿ ದಾಟಿಸಬೇಕು. ಕಿಂಡಿಯ ಜಾಗ ಪ್ರತಿ ಸಲ ಬೇರೆ, ಬಟ್ಟೆ ಬೇರೆ ಮೆತ್ತಗೆ. ಬೆರಳಿಗೆ ಇದು ಗೊತ್ತಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಪ್ರಯೋಗಾಲಯಗಳಲ್ಲಿ ಯತ್ನ ನಡೆದಿದೆ. ಆದರೆ ಕೈ ಕ್ರೋಷಾವನ್ನು ಹಾಗೇ ಮಾಡಿ ರಾಶಿ ಹಾಕುವ ಕಾರ್ಖಾನೆ ಯಂತ್ರ ಇನ್ನೂ ಬಂದಿಲ್ಲ.

‘ಕ್ರೋಷಾ ಯಂತ್ರ’ ಎಂಬ ಹೆಸರಿನ ಯಂತ್ರಗಳು ಇವೆ. ಅವು ಮಾಡುವುದು ಕ್ರೋಷಾದ ಹಾಗೆ ಕಾಣುವ ಬೇರೆಯದೇ ರಚನೆಯ ಹೆಣಿಗೆ. ರವಿಕೆ ತೋಳಿಗೆ, ಲಂಗದ ಅಂಚಿಗೆ ಮೀಟರ್ ಲೆಕ್ಕದಲ್ಲಿ ಸಿಗುವ ಲೇಸು ಸಾಮಾನ್ಯವಾಗಿ ಈ ಥರದ್ದು. ಆರುನೂರು ರೂಪಾಯಿಯ ಟಾಪು ಇದರಿಂದ ಹೊಲಿದದ್ದಾಗಿದ್ದರೆ ಆ ಬೆಲೆಯಲ್ಲಿ ಆಶ್ಚರ್ಯ ಏನೂ ಇಲ್ಲ.

ಅದು ನಿಜವಾದ ಕ್ರೋಷಾವೇ ಆಗಿದ್ದರೆ? ಆಗ ಎಲ್ಲೋ ಒಬ್ಬರು ಕೂತು ಅಷ್ಟೂ ಹೊಲಿಗೆಯನ್ನು ಕೈಯಲ್ಲೇ ಹಾಕಿದ್ದಾರೆ. ಬೆಲೆ ಎಷ್ಟೇ ಕಮ್ಮಿ ಇರಲಿ, ಇದು ಮಾತ್ರ ಬದಲಾಗುವುದಿಲ್ಲ.

ಒಂದು ಸ್ವೆಟರಿಗೆ ಎಷ್ಟು ಗಂಟೆ?

ಲೆಕ್ಕ ಹಾಕಿಯೇ ನೋಡೋಣ. ಸಾಧಾರಣ ದಪ್ಪದ ಉಲ್ಲನ್‌ನಲ್ಲಿ 10 ಸೆಂಟಿಮೀಟರ್ ಅಗಲಕ್ಕೆ ಸುಮಾರು 22 ಕುಣಿಕೆ, 10 ಸೆಂಟಿಮೀಟರ್ ಎತ್ತರಕ್ಕೆ ಸುಮಾರು 30 ಸಾಲು ಹಿಡಿಯುತ್ತವೆ. ಅಂದರೆ ಅಂಗೈ ಅಗಲದ ಒಂದು ಚೌಕಕ್ಕೆ 660 ಕುಣಿಕೆ. ದೊಡ್ಡವರ ಉದ್ದ ತೋಳಿನ ಸ್ವೆಟರಿಗೆ ಮುಂದೆ, ಹಿಂದೆ, ಎರಡು ತೋಳು ಸೇರಿ ಇಂಥ 90 ಚೌಕವಾದರೂ ಬೇಕು. ಸುಮಾರು 60,000 ಕುಣಿಕೆ ಆಯಿತು. ಕೈ ಪಳಗಿದವರು ನಿಮಿಷಕ್ಕೆ 25 ಹಾಕುತ್ತಾರೆ ಎಂದುಕೊಂಡರೆ 2,400 ನಿಮಿಷ, 40 ಗಂಟೆ. ತುಂಡುಗಳನ್ನು ಜೋಡಿಸುವುದು, ಕತ್ತಿನ ಪಟ್ಟಿ, ಗುಂಡಿ, ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕುವುದು ಇದರ ಮೇಲೆ.

ಕೂಲಿಯನ್ನು ಗಂಟೆಗೆ ಬರೀ 50 ರೂಪಾಯಿ ಎಂದು ಹಿಡಿದರೂ 2,000 ರೂಪಾಯಿ. ದಾರದ ಖರ್ಚು ಬೇರೆ. ಈಗ ಮನೆಯಲ್ಲಿ ಹೆಣೆಯುವವರು ಹೇಳುವ ಬೆಲೆಯನ್ನು ಇನ್ನೊಮ್ಮೆ ನೋಡಿ.

ಕ್ರೋಷಾದ ಹೊಲಿಗೆ ಹೆಣಿಗೆಯದಕ್ಕಿಂತ ದೊಡ್ಡದು, ಹಾಗಾಗಿ ಕೆಲಸ ಬೇಗ ಸಾಗುತ್ತದೆ. ತೋಳಿಲ್ಲದ ಒಂದು ಟಾಪಿಗೆ ಇಷ್ಟು ಗಂಟೆ ಬೇಕಿಲ್ಲ. ಆದರೆ ಅದೇ ಅಳತೆಯ ಬಟ್ಟೆಗೆ ದಾರ ಸಾಮಾನ್ಯವಾಗಿ ಹೆಣಿಗೆಗಿಂತ ಜಾಸ್ತಿ ತಿನ್ನುತ್ತದೆ. ಚೌಕದ ಜಾಕೆಟ್ಟಿನಲ್ಲಿ ಇನ್ನೊಂದು ಕಾಟ ಇದೆ. ಪ್ರತಿ ಬಣ್ಣ ಬದಲಿಸಿದಾಗಲೂ ಎರಡು ದಾರದ ತುದಿ ಉಳಿಯುತ್ತವೆ, ಅವನ್ನು ಒಂದೊಂದಾಗಿ ಸೂಜಿಯಲ್ಲಿ ಒಳಗೆ ಅಡಗಿಸಬೇಕು. ಹೆಣೆಯುವವರು ಬೈದುಕೊಂಡು ಮಾಡುವ ಕೆಲಸ ಇದೊಂದೇ ಇರಬೇಕು.

ನರಸಾಪುರದಲ್ಲಿ ಆದದ್ದು

ಕೈಕೆಲಸಕ್ಕೆ ಬೆಲೆ ಕಟ್ಟುವ ಜಗಳ ಈಗಿನದಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಕಡೆಯ ನರಸಾಪುರ ಕ್ರೋಷಾ ಲೇಸಿನ ಊರು. ಹತ್ತೊಂಬತ್ತನೇ ಶತಮಾನದ ನಡುವೆ ಮಿಷನರಿಗಳು ಅಲ್ಲಿನ ಹೆಂಗಸರಿಗೆ ಈ ಕೆಲಸ ಕಲಿಸಿದರು. ಗೋದಾವರಿ ತೀರದ ಹಳ್ಳಿಗಳಲ್ಲಿ ಕೊಕ್ಕೆ ಹಿಡಿದು ಮಾಡಿದ ಲೇಸು ಹಡಗೇರಿ ಯುರೋಪು, ಅಮೆರಿಕ ಮುಟ್ಟಿತು. 2024ರಲ್ಲಿ ನರಸಾಪುರದ ಲೇಸಿಗೆ ಜಿಐ ಟ್ಯಾಗ್ ಸಿಕ್ಕಿತು. ಅಂದರೆ ನಮ್ಮ ಮೈಸೂರು ರೇಷ್ಮೆಗೆ, ಮೈಸೂರು ಮಲ್ಲಿಗೆಗೆ ಇರುವಂತೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ.

ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1970ರ ದಶಕದ ಕೊನೆಯಲ್ಲಿ ಈ ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಹೆಂಗಸರು ದಿನಕ್ಕೆ ಹಲವು ಗಂಟೆ ಲೇಸು ಮಾಡುತ್ತಿದ್ದರು. ಆದರೂ ಅವರನ್ನು ಯಾರೂ ಕೆಲಸಗಾರರು ಎಂದು ಎಣಿಸುತ್ತಿರಲಿಲ್ಲ. ಮನೆಯಲ್ಲಿ ಕೂತು ಬಿಡುವಿನ ಹೊತ್ತಿನಲ್ಲಿ ಮಾಡುವುದು ತಾನೇ ಎಂಬ ಮಾತು. ಆ ಒಂದು ಮಾತಿನ ಮೇಲೆ ಕೂಲಿ ಕಮ್ಮಿ ಇತ್ತು, ಲಾಭ ವ್ಯಾಪಾರಿಗಳ ಕಡೆ ಇತ್ತು. ಮೈಸೂರಿನಲ್ಲಿ ಇವತ್ತು ಹೆಣೆದು ಮಾರುವವರಿಗೂ ‘ಟೈಮ್ ಪಾಸ್‌ಗೆ ಮಾಡ್ತೀರಲ್ವಾ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ’ ಎನ್ನುವವರು ಇದ್ದೇ ಇದ್ದಾರೆ. ಮಾತು ಅದೇ, ಊರು ಬೇರೆ.

ನಮ್ಮ ಮನೆಗಳಿಂದ ಹೋಗಿದ್ದು ಹೇಗೆ

ಮೈಸೂರಿನ ಚಳಿ ದೊಡ್ಡ ಚಳಿಯೇನಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ 16 ಡಿಗ್ರಿ ಆಸುಪಾಸು. ಧನುರ್ಮಾಸದ ಪೂಜೆಗೆ ದೇವಸ್ಥಾನಕ್ಕೆ ಹೋಗುವವರಿಗೆ, ಬೆಳಗಿನ ಶಾಲೆಯ ಮಕ್ಕಳಿಗೆ, ಬಾಣಂತಿಗೆ, ಕೂಸಿಗೆ ಸ್ವೆಟರ್ ಬೇಕಿತ್ತು. ಕಿವಿಗೆ ಗಾಳಿ ಹೊಕ್ಕರೆ ಕೆಟ್ಟಿತು ಎಂದು ಬಾಣಂತಿಯ ತಲೆಗೆ ಬಿಗಿಯಾಗಿ ಸ್ಕಾರ್ಫ್. ಬಸುರಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಕುಲಾವಿ, ಪುಟ್ಟ ಕಾಲುಚೀಲ ಶುರು ಮಾಡಿರುತ್ತಿದ್ದರು. ಗಂಡೋ ಹೆಣ್ಣೋ ಗೊತ್ತಿಲ್ಲದ ಕಾರಣ ಹಳದಿ ಇಲ್ಲವೇ ಬಿಳಿ. ಹೆಣ್ಣುಮಕ್ಕಳ ಶಾಲೆಗಳ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಕಡ್ಡಿ ಹಿಡಿಯುವುದು ಕಲಿಸುತ್ತಿದ್ದರು. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಗಡಿಯ ಜವಾನರಿಗೆಂದು ದೇಶದ ಹಲವು ಕಡೆ ಹೆಂಗಸರು ಸ್ವೆಟರ್ ಹೆಣೆದು ಕಳಿಸಿದರು.

ಆಗಿನ ಮನೆಗಳಲ್ಲಿ ಸ್ವೆಟರಿಗೆ ಒಂದೇ ಜನ್ಮ ಇರಲಿಲ್ಲ. ಅಣ್ಣನಿಗೆ ಬಿಗಿಯಾದದ್ದನ್ನು ಬಿಚ್ಚಿ, ದಾರವನ್ನು ಸುತ್ತಿ, ತೊಳೆದು, ಅದರ ಸುರುಳಿ ಹೋಗುವ ಹಾಗೆ ಭಾರ ಕಟ್ಟಿ ಒಣಗಿಸಿ, ಇನ್ನೊಂದು ಬಣ್ಣದ ಪಟ್ಟೆ ಸೇರಿಸಿ ತಂಗಿಗೆ ಹೆಣೆಯುತ್ತಿದ್ದರು. ಪಟ್ಟೆ ಡಿಸೈನು ಚೆಂದಕ್ಕೆ ಹಾಕಿದ್ದು ಅಂತ ತಂಗಿ ನಂಬಿದ್ದಳು. ದಾರ ಸಾಲದೆ ಬಂದದ್ದು ಅದು.

ಇದು ನಿಂತದ್ದಕ್ಕೆ ಮುಖ್ಯ ಕಾರಣ ಸಿದ್ಧ ಉಡುಪು. ಪಂಜಾಬಿನ ಲೂಧಿಯಾನದ ಯಂತ್ರಗಳು ಹೆಣೆದ ಸ್ವೆಟರು ಎಲ್ಲ ಊರಿಗೂ ಬಂದವು. ಅವುಗಳನ್ನು ತಂದು ಮಾರಿದವರಲ್ಲಿ ಟಿಬೆಟಿಯನ್ನರು ಬಹಳ. ನಮ್ಮದೇ ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿಯನ್ನರ ನೆಲೆ ಇದೆ. ಚಳಿಗಾಲ ಬಂದರೆ ಊರೂರಿನಲ್ಲಿ ಸ್ವೆಟರ್ ಅಂಗಡಿ ಹಾಕುವುದು ಅವರ ಸಮುದಾಯದ ದೊಡ್ಡ ಕಸುಬಾಯಿತು. ಕೈಯಲ್ಲಿ ಹೆಣೆಯಲು ಬೇಕಾದ ಉಲ್ಲನ್ನಿನ ದುಡ್ಡಿಗೇ ಅಲ್ಲಿ ಸಿದ್ಧ ಸ್ವೆಟರ್ ಸಿಗುವಾಗ 40 ಗಂಟೆ ಯಾರು ಕೂರುತ್ತಾರೆ? ಹೆಂಗಸರು ಹೊರಗಿನ ಕೆಲಸಕ್ಕೆ ಹೋಗತೊಡಗಿದ ಮೇಲೆ ಆ ಗಂಟೆಗಳೂ ಉಳಿಯಲಿಲ್ಲ. ಕೈಹೆಣಿಗೆಯ ಸ್ವೆಟರ್ ಎಂದರೆ ಕೊಳ್ಳಲು ದುಡ್ಡಿಲ್ಲದವರದ್ದು ಎಂಬ ಭಾವನೆಯೂ ಬಂತು. ಈಗ ಅದೇ ಪೂರ್ತಿ ಮಗುಚಿಕೊಂಡಿದೆ.

ಮತ್ತೆ ಬಂದದ್ದು ಎಲ್ಲಿಂದ

ಹೊರಗಿನಿಂದ ಬಂತು ಎಂದರೆ ಅರ್ಧ ಸರಿ. 2020ರ ಲಾಕ್‌ಡೌನ್‌ನಲ್ಲಿ ಜಗತ್ತಿನ ತುಂಬ ಜನ ಮನೆಯಲ್ಲಿ ಕೂತರು. ಕ್ರೋಷಾಕ್ಕೆ ಬೇಕಾದದ್ದು ಒಂದು ಕೊಕ್ಕೆ, ಒಂದು ಉಂಡೆ ದಾರ, ಫೋನಿನಲ್ಲಿ ಒಂದು ವಿಡಿಯೊ. ಅದೇ ವರ್ಷ ಇಂಗ್ಲೆಂಡಿನ ಗಾಯಕ ಹ್ಯಾರಿ ಸ್ಟೈಲ್ಸ್ ಹಾಕಿಕೊಂಡಿದ್ದ ಬಣ್ಣದ ಚೌಕಗಳ ಒಂದು ಸ್ವೆಟರ್ ಕೋಟು ಸುದ್ದಿಯಾಯಿತು. ಕೊಳ್ಳಲಾಗದವರು ತಾವೇ ಹೆಣೆದು ಟಿಕ್‌ಟಾಕ್‌ನಲ್ಲಿ ಹಾಕಿದರು. ಅದನ್ನು ನೋಡಿ, ಆ ಕೋಟನ್ನು ಮಾಡಿದ್ದ ಜೆ.ಡಬ್ಲ್ಯೂ. ಆಂಡರ್ಸನ್ ಕಂಪನಿ ಹೆಣೆಯುವ ವಿಧಾನವನ್ನೇ ಪುಕ್ಕಟೆ ಕೊಟ್ಟಿತು. ಆ ಕೋಟು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಮರುವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಡೈವಿಂಗ್ ಆಟಗಾರ ಟಾಮ್ ಡೇಲಿ ಗ್ಯಾಲರಿಯಲ್ಲಿ ಕೂತು ಹೆಣೆಯುತ್ತಿದ್ದ ಫೋಟೊ ಎಲ್ಲ ಕಡೆ ಓಡಾಡಿತು. ಪದಕ ಗೀಚಿಕೊಳ್ಳದಿರಲಿ ಎಂದು ಆತ ಅದಕ್ಕೊಂದು ಚೀಲವನ್ನೂ ಹೆಣೆದಿದ್ದ. ಗಂಡಸರು ಕಡ್ಡಿ ಹಿಡಿಯುವುದೇ ಎಂದು ಮೂಗು ಮುರಿಯುವವರಿಗೆ ಇದೊಂದು ಉತ್ತರ.

ಇನ್ನರ್ಧ ಇಲ್ಲೇ ಇತ್ತು. 2016ರಲ್ಲೇ ಚೆನ್ನೈ ಮೂಲದ ‘ಮದರ್ ಇಂಡಿಯಾಸ್ ಕ್ರೋಷೆ ಕ್ವೀನ್ಸ್’ ಎಂಬ ಹೆಂಗಸರ ಗುಂಪು ಎಲ್ಲೆಲ್ಲಿಂದಲೋ ಬಂದ ಚೌಕಗಳನ್ನು ಜೋಡಿಸಿ 11,148.5 ಚದರ ಮೀಟರಿನ ಕ್ರೋಷಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆಯಿತು. ಎರಡೂವರೆ ಎಕರೆಗಿಂತ ದೊಡ್ಡ ಹೊದಿಕೆ! ಕೊಕ್ಕೆ ಹಿಡಿಯಬಲ್ಲ ಕೈಗಳು ಹೋಗಿರಲಿಲ್ಲ. ಮನೆಯೊಳಗೆ ಇದ್ದವು.

ಫ್ಯಾಷನ್ ಸುತ್ತಿ ಬರುವುದೂ ಇದೆ. ಗ್ರ್ಯಾನಿ ಸ್ಕ್ವೇರಿನ ಮಾದರಿ ಅಮೆರಿಕದ ಒಂದು ಕೃಷಿ ಪತ್ರಿಕೆಯಲ್ಲಿ ಅಚ್ಚಾದದ್ದು 1885ರಲ್ಲಿ. 1970ರ ಸುಮಾರಿಗೆ ಹಿಪ್ಪಿಗಳು ಮೈಗೇರಿಸಿದರು, ಈಗ ಮತ್ತೆ ಬಂತು. ಆದರೆ ಈ ಸಲದ ಹಂಬಲದಲ್ಲಿ ನನಗೆ ಕಾಣುವ ವ್ಯತ್ಯಾಸ ಒಂದಿದೆ. ಎಲ್ಲರ ಕಪಾಟಿನಲ್ಲೂ ಒಂದೇ ಆನ್‌ಲೈನ್ ಅಂಗಡಿಯ ಒಂದೇ ಥರದ ಬಟ್ಟೆ ತುಂಬಿರುವಾಗ, ಇದನ್ನು ಇಂಥವರು ನನಗಾಗಿ ಮಾಡಿದ್ದು ಎಂದು ತೋರಿಸಲು ಒಂದು ವಸ್ತು ಬೇಕೆನಿಸುತ್ತದೆ. ಅಜ್ಜಿ ಹೆಣೆದದ್ದೇ ಇದ್ದರಂತೂ ಕೇಳುವುದೇ ಬೇಡ.

ದಾರದ ಜಾತಕ

ನಾವು ಉಲ್ಲನ್ ಎನ್ನುವುದರಲ್ಲಿ ಬಹುಪಾಲು ಕುರಿಯ ಉಣ್ಣೆಯೇ ಅಲ್ಲ. ಅದು ಅಕ್ರಿಲಿಕ್, ಪೆಟ್ರೋಲಿಯಂ ಮೂಲದ ನೂಲು. ಹಿಂದೆ ಅಂಗಡಿಗಳಲ್ಲಿ ಕ್ಯಾಶ್ಮಿಲಾನ್ ಎಂದು ಕೇಳುತ್ತಿದ್ದದ್ದೂ ಇದನ್ನೇ. ಅಗ್ಗ, ಬಣ್ಣ ಬಿಡುವುದಿಲ್ಲ, ನುಸಿ ತಿನ್ನುವುದಿಲ್ಲ. ತೊಂದರೆ ಏನೆಂದರೆ ಬೆವರು ಹೀರುವುದಿಲ್ಲ, ಬಿಸಿ ಇಸ್ತ್ರಿ ತಾಗಿದರೆ ಜೀವ ಕಳೆದುಕೊಂಡು ಜೋಲುತ್ತದೆ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹಾಗಾಗಿ ಅಕ್ರಿಲಿಕ್ ಹಾಕಿಕೊಂಡು ಒಲೆಯ ಹತ್ತಿರ, ದೀಪದ ಹತ್ತಿರ ಹುಷಾರು.

ನಿಜವಾದ ಉಣ್ಣೆಯಲ್ಲೂ ತರತರ ಇದೆ. ಎಳೆಯ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮೆರಿನೊ ಕುರಿಯ ಎಳೆ 24 ಮೈಕ್ರಾನಿಗಿಂತ ತೆಳು. 30 ದಾಟಿದ ಎಳೆಗಳು ಮೈಗೆ ಚುಚ್ಚಿದಂತಾಗಿ ಕಡಿತ ಶುರುವಾಗುತ್ತದೆ. ನಮ್ಮ ಮಂಡ್ಯದ ಬಂಡೂರು ಕುರಿ, ಬನ್ನೂರು ಕುರಿ ಎಂದರೂ ಅದೇ, ಹೆಸರು ಮಾಡಿರುವುದು ಮಾಂಸದ ರುಚಿಗೆ. ಅದರ ಮೈಮೇಲಿನದು ಒರಟು ಕೂದಲು, ಸ್ವೆಟರಿಗೆ ಆಗುವುದಿಲ್ಲ. ದಖನಿ ಕುರಿಯ ಉಣ್ಣೆಯೂ ಒರಟೇ, ಆದರೆ ಕುರುಬರ ಕಂಬಳಿಗೆ ಅದೇ ಸರಿ.

ಮೈಸೂರಿನ ಹವೆಗೆ ಟಾಪು, ಶ್ರಗ್ಗು ಎಂದಾದರೆ ಹತ್ತಿ ದಾರ ಮೇಲು. ಮಾರ್ಚಿನ ಬಿಸಿಲಿಗೂ ತಡೆಯುತ್ತದೆ. ಭಾರ ಸ್ವಲ್ಪ ಜಾಸ್ತಿ, ಒಗೆದಂತೆ ಜೋಲುವುದೂ ಉಂಟು. ಕೂಸಿಗೆ ಹೆಣೆಸುವುದಾದರೂ ಹತ್ತಿಯನ್ನೇ ಕೇಳಿ. ಕಾಲುಚೀಲದ ಒಳಗೆ ಉಳಿದ ದಾರದ ತುದಿ ಪುಟ್ಟ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಲ್ಲಬಹುದು. ಹಾಕುವ ಮುಂಚೆ ಪ್ರತಿ ಸಲ ಒಳಗೆ ಮಗುಚಿ ನೋಡಬೇಕು.

ಕಲಿಯಲು ಕೂತವರಿಗೆ ಎದುರಾಗುವ ಗೊಂದಲ

ಅಮ್ಮನ ಹಳೆಯ ಕಡ್ಡಿ ಹಿಡಿದು ಯೂಟ್ಯೂಬ್ ಮುಂದೆ ಕೂತರೆ ಅಳತೆ ತಪ್ಪುತ್ತದೆ. ಕಾರಣ ನಂಬರು. ನಮ್ಮಲ್ಲಿ ಬಳಕೆಯಲ್ಲಿದ್ದದ್ದು ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರ್ ಹೆಚ್ಚಾದಂತೆ ಕಡ್ಡಿ ತೆಳು. 10 ನಂಬರ್ ಎಂದರೆ 3.25 ಮಿಲಿಮೀಟರ್, 8 ನಂಬರ್ ಎಂದರೆ 4 ಮಿಲಿಮೀಟರ್. ಅಮೆರಿಕದ ಲೆಕ್ಕದಲ್ಲಿ ಇದು ತಿರುಗಾಮುರುಗಾ, ಅಲ್ಲಿ 8 ನಂಬರ್ ಎಂದರೆ 5 ಮಿಲಿಮೀಟರ್. ನಂಬರು ಬಿಟ್ಟು ಮಿಲಿಮೀಟರ್ ಹಿಡಿದರೆ ಜಗಳ ಇಲ್ಲ.

ಕ್ರೋಷಾದಲ್ಲೂ ಹೀಗೇ. ಬ್ರಿಟಿಷರ ಡಬಲ್ ಕ್ರೋಷಾ ಅಮೆರಿಕದವರಿಗೆ ಸಿಂಗಲ್. ಬ್ರಿಟಿಷರ ಟ್ರೆಬಲ್ ಅಮೆರಿಕದವರಿಗೆ ಡಬಲ್. ಹಳೆ ಪುಸ್ತಕ ನೋಡಿ ಕಲಿತ ಅತ್ತೆಗೂ ವಿಡಿಯೊ ನೋಡಿ ಕಲಿಯುವ ಸೊಸೆಗೂ ವಾದ ಹತ್ತಿದರೆ ಇಬ್ಬರೂ ಸರಿ ಇರುವ ಸಾಧ್ಯತೆಯೇ ಹೆಚ್ಚು.

ಶುರುವಿಗೆ ಕ್ರೋಷಾ ಸುಲಭ, ಒಂದೇ ಕುಣಿಕೆ ಕಾಯ್ದುಕೊಂಡರೆ ಸಾಕಲ್ಲ. 4 ಮಿಲಿಮೀಟರಿನ ಕೊಕ್ಕೆ, ಸ್ವಲ್ಪ ದಪ್ಪದ ತಿಳಿ ಬಣ್ಣದ ದಾರ ಸಾಕು. ಕಪ್ಪು ದಾರದಲ್ಲಿ ಕಿಂಡಿ ಕಾಣುವುದಿಲ್ಲ, ಪಳಗಿದವರಿಗೂ ಕಣ್ಣು ನೋಯುತ್ತದೆ.

ಟ್ರಂಕಿನಿಂದ ತೆಗೆದದ್ದಕ್ಕೂ ಹೊಸದಾಗಿ ಕೊಂಡದ್ದಕ್ಕೂ

ಹಳೆಯ ಸ್ವೆಟರ್ ಸಿಕ್ಕಿದರೆ ಮೊದಲು ಬೆಳಕಿಗೆ ಹಿಡಿದು ನುಸಿ ತೂತು ಹುಡುಕಿ. ಇದ್ದರೆ ಅಲ್ಲೇ ದಾರದಲ್ಲಿ ಹಿಡಿದುಬಿಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಏಣಿ ಬೀಳುತ್ತದೆ. ತಣ್ಣೀರು, ಸೌಮ್ಯ ಸೋಪು, ಕೈಯಲ್ಲಿ ಅದುಮುವುದು ಅಷ್ಟೆ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಲ್ಲಿರುವ ಥರದ ಹೊರಪದರ ಇರುತ್ತದೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಇಡೀ ಸ್ವೆಟರ್ ಮುದುಡಿ ಗಟ್ಟಿಯಾಗುತ್ತದೆ. ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಹಗ್ಗಕ್ಕೆ ನೇತುಹಾಕಬೇಡಿ, ನೀರಿನ ಭಾರಕ್ಕೆ ಉದ್ದವಾಗುತ್ತದೆ. ಟವಲಿನಲ್ಲಿ ಸುತ್ತಿ ನೀರು ತೆಗೆದು ನೆರಳಲ್ಲಿ ಚಪ್ಪಟೆಯಾಗಿ ಹರಡಿ. ಕಪಾಟಿನಲ್ಲೂ ಹ್ಯಾಂಗರ್ ಬೇಡ, ಮಡಿಸಿಡಿ.

ಕೊಳ್ಳುವಾಗ ಒಳಭಾಗ ತಿರುಗಿಸಿ ನೋಡಿ. ಒಳ ಅಂಚುಗಳಲ್ಲಿ ಓವರ್‌ಲಾಕ್ ಯಂತ್ರದ ಹೊಲಿಗೆ ಇದ್ದರೆ ಬಟ್ಟೆಯನ್ನು ಕತ್ತರಿಸಿ ಹೊಲಿದಿದ್ದಾರೆ, ಸಾಧಾರಣವಾಗಿ ಅದು ಯಂತ್ರದ್ದು. ಅಡಗಿಸಿದ ದಾರದ ತುದಿಗಳು, ಅಲ್ಲೊಂದು ಇಲ್ಲೊಂದು ಬಿಗಿ ಸಡಿಲ ಹೊಲಿಗೆ ಕಂಡರೆ ಕೈಯದು. ಮಾರುವವರನ್ನು ಎರಡು ವಿಷಯ ಕೇಳಿ: ಯಾವ ದಾರ, ಯಾರು ಹೆಣೆದದ್ದು. ತಾವೇ ಹೆಣೆದವರು ಖುಷಿಯಿಂದ ಹೇಳುತ್ತಾರೆ, ಬೇಕಾದ್ದಕ್ಕಿಂತ ಜಾಸ್ತಿಯೇ ಹೇಳುತ್ತಾರೆ.

ಆರ್ಡರ್ ಕೊಡುವುದಾದರೆ ಆ 40 ಗಂಟೆಯ ಲೆಕ್ಕ ನೆನಪಿರಲಿ. ಮನೆಗೆಲಸದ ನಡುವೆ ದಿನಕ್ಕೆ ಎರಡು ಗಂಟೆ ಸಿಕ್ಕರೂ ಒಂದು ಸ್ವೆಟರಿಗೆ ಮೂರು ವಾರ, ಸರದಿಯಲ್ಲಿ ನಿಮಗಿಂತ ಮುಂಚೆ ಇನ್ನಿಬ್ಬರು ಇದ್ದರೆ ಎರಡು ತಿಂಗಳು. ಧನುರ್ಮಾಸದ ಚಳಿಗೆ ಬೇಕು ಎನ್ನುವವರು ದಸರಾ ಹೊತ್ತಿಗೇ ಅಳತೆ ಕೊಟ್ಟು, ದಾರಕ್ಕೆಂದು ಮುಂಗಡ ಕೊಟ್ಟು ಬರಬೇಕಾಗುತ್ತದೆ.